ಬೀನ್ಸಿನ ನಾರೂ ಬಾಣೆಯ ಕಾಡುಹೆಸರೂ

ಬೀನ್ಸ್ ಹೆಚ್ಚುವ ಮೊದಲು ತುದಿ ಮುರಿದು, ಕಾಯಿಯ ಅಂಚಿನುದ್ದಕ್ಕೂ ಬರುವ ನಾರನ್ನು ಎಳೆದು ಬಿಸಾಡುವುದು ರೂಢಿ. ಈಗಿನ ತಳಿಗಳಲ್ಲಿ ಆ ನಾರು ಕಡಿಮೆ. ಹಳೆಯ ಬಳ್ಳಿ ಬೀನ್ಸಿನಲ್ಲಿ, ಅದರಲ್ಲೂ ಎರಡು ದಿನ ತಡವಾಗಿ ಕೊಯ್ದ ಕಾಯಿಯಲ್ಲಿ, ತುದಿಯಿಂದ ತೊಟ್ಟಿನವರೆಗೆ ತುಂಡಾಗದೆ ಬರುತ್ತದೆ. ಅದು ಕಾಡುಬೀನ್ಸ್ ತನ್ನ ಬೀಜ ಸಿಡಿಸಲು ಮಾಡಿಕೊಂಡಿದ್ದ ಏರ್ಪಾಟಿನ ಉಳಿಕೆ. ಕಾಡಿನಲ್ಲಿ ಕಾಯಿ ಒಣಗುತ್ತ ಬಂದಂತೆ ಸಿಪ್ಪೆಯೊಳಗಿನ ನಾರಿನ ಪದರ ಓರೆಯಾಗಿ ಬಿಗಿದುಕೊಳ್ಳುತ್ತದೆ, ಅಂಚು ಬಿರಿಯುತ್ತದೆ, ಎರಡು ಹೋಳುಗಳೂ ತಿರುಚಿಕೊಂಡು ಕಾಳುಗಳನ್ನು ದೂರಕ್ಕೆ ಎಸೆಯುತ್ತವೆ. ಗಿಡಕ್ಕೆ ಅದು ವಂಶ ಬೆಳೆಸುವ ದಾರಿ, ಕೊಯ್ಯಲು ಬಂದವರಿಗೆ ನಷ್ಟ. ಸಿಡಿಯದೆ ಉಳಿದ ಕಾಯಿಯೇ ಮನೆ ಸೇರಿ, ಅದರ ಬೀಜವನ್ನೇ ಸಾವಿರಾರು ವರ್ಷ ಮತ್ತೆ ಮತ್ತೆ ಬಿತ್ತಿದ್ದರಿಂದ ಸಿಡಿಯುವ ಗುಣ ಸೊರಗಿತು. ನಾರೇ ಇಲ್ಲದ ಬೀನ್ಸ್ ಬಂದದ್ದು ತೀರ ಈಚೆಗೆ, 19ನೇ ಶತಮಾನದ ಕೊನೆಯಲ್ಲಿ, ನ್ಯೂಯಾರ್ಕ್ ರಾಜ್ಯದ ಲೆರಾಯ್ ಎಂಬ ಊರಿನ ಕ್ಯಾಲ್ವಿನ್ ಕೀನಿ ಎಂಬ ಬೀಜ ಬೆಳೆಗಾರನ ಕೈಯಲ್ಲಿ.

ಇಂಥ ಗುಣಗಳ ಮೂಲ ಹುಡುಕುವ ಕೆಲಸಕ್ಕೆ ಈಗ ಸರ್ಕಾರದ ಹಣವೂ ಹರಿಯುತ್ತಿದೆ. 2025-26ರ ಕೇಂದ್ರ ಬಜೆಟ್‌ನಲ್ಲಿ ತೊಗರಿ, ಉದ್ದು, ಮಸೂರಕ್ಕೆ ಒತ್ತು ಕೊಡುವ ಆರು ವರ್ಷಗಳ ಬೇಳೆಕಾಳು ಸ್ವಾವಲಂಬನೆ ಯೋಜನೆಯನ್ನೂ, ಹತ್ತು ಲಕ್ಷ ತಳಿ ಮಾದರಿಗಳ ಎರಡನೇ ಜೀನ್ ಬ್ಯಾಂಕನ್ನೂ (ಬೀಜಗಳನ್ನು ಶೀತಲವಾಗಿ ಕಾಪಿಡುವ ಭಂಡಾರ) ಘೋಷಿಸಲಾಯಿತು. ಕಾಫಿ, ಕರಿಮೆಣಸು, ಭತ್ತದ ಕೊಡಗಿಗೆ ಇದರಲ್ಲೇನಿದೆ ಎಂದು ಯಾರಾದರೂ ಕೇಳಿದರೆ ತಪ್ಪೇನಿಲ್ಲ. ಬೇಳೆಕಾಳು ಬೆಳೆಯುವ ಜಿಲ್ಲೆಗಳ ಸಾಲಿನಲ್ಲಿ ಕೊಡಗಿನ ಹೆಸರನ್ನು ಯಾರೂ ಹೇಳುವುದಿಲ್ಲ. ಆದರೆ ಆ ಬ್ಯಾಂಕಿಗೆ ಬೇಕಾದ ಸರಕಿನ ಒಂದು ಪಾಲು, ಹೆಸರುಕಾಳಿನ ಕಾಡುನೆಂಟನಾದ ಕಾಡುಹೆಸರಿನಂಥದ್ದು, ಇರುವುದು ಘಟ್ಟದ ಗದ್ದೆ ಬದುವಿನಲ್ಲಿ, ದನ ಮೇಯುವ ಬಾಣೆಯ ಹುಲ್ಲಿನಲ್ಲಿ. ಇನ್ನೊಂದು ಪಾಲು, ಹಳೆಯ ಬೀನ್ಸ್, ಹಿತ್ತಲಿನ ಚಪ್ಪರದ ಮೇಲಿದೆ. ಎರಡನ್ನೂ ಸೇರಿಸಿ ‘ನಾಟಿ ಬೀಜ ಉಳಿಸಿ’ ಎಂದು ಒಂದೇ ಉಸಿರಿನಲ್ಲಿ ಹೇಳಿಬಿಡುತ್ತೇವೆ. ಇವುಗಳ ಹುಟ್ಟು ಬೇರೆ, ಬೆಲೆ ಬೇರೆ, ಹಾಳಾಗುವ ದಾರಿಯೂ ಬೇರೆ. ಹಾಗಾಗಿ ಉಳಿಸುವ ಕೆಲಸವೂ ಒಂದೇ ಆಗಿರಲು ಸಾಧ್ಯವಿಲ್ಲ.

ಚಪ್ಪರದ ಬೀನ್ಸಿನಿಂದ ಶುರುಮಾಡೋಣ. ಶನಿವಾರಸಂತೆಯಲ್ಲಿ ರಾಶಿ ಹಾಕಿ ಮಾರುವ ಬೀನ್ಸ್ ಮತ್ತು ಅಂಗಡಿಯ ಪೊಟ್ಟಣದಲ್ಲಿ ಬರುವ ರಾಜ್ಮಾ ಒಂದೇ ಪ್ರಭೇದ, ಫೇಸಿಯೋಲಸ್ ವಲ್ಗ್ಯಾರಿಸ್. ಫೇಸಿಯೋಲಸ್ ಕುಲದಲ್ಲಿ ಎಪ್ಪತ್ತಕ್ಕೂ ಹೆಚ್ಚು ಪ್ರಭೇದಗಳಿವೆ, ಎಲ್ಲದರ ತವರೂ ಅಮೆರಿಕ ಖಂಡಗಳೇ. ಮನುಷ್ಯ ಪಳಗಿಸಿಕೊಂಡದ್ದು ಅವುಗಳಲ್ಲಿ ಐದನ್ನು ಮಾತ್ರ. ನಮ್ಮ ಬೀನ್ಸಿನ ಕಾಡು ಪೂರ್ವಿಕ ಇಂದಿಗೂ ಉತ್ತರ ಮೆಕ್ಸಿಕೋದಿಂದ ವಾಯವ್ಯ ಅರ್ಜೆಂಟೀನಾದವರೆಗೆ ಬೆಟ್ಟದ ಇಳಿಜಾರುಗಳಲ್ಲಿ ಪೊದೆಗಳನ್ನು ಅಪ್ಪಿಕೊಂಡು ಬೆಳೆಯುತ್ತದೆ. ಅದರ ಕಾಳು ಸಣ್ಣದು, ತೊಗಟೆ ಗಟ್ಟಿ. ಒಂದೇ ಮಳೆಗೆ ಎಲ್ಲ ಬೀಜಗಳೂ ಮೊಳೆಯುವುದಿಲ್ಲ, ಕೆಲವು ಮುಂದಿನ ವರ್ಷಕ್ಕೆಂದು ನೆಲದಲ್ಲೇ ಕಾಯುತ್ತವೆ.

2014ರಲ್ಲಿ ಬೀನ್ಸಿನ ಇಡೀ ಜೀನೋಮ್, ಅಂದರೆ ಅದರ ಅನುವಂಶಿಕ ಮಾಹಿತಿಯ ಪೂರ್ಣ ಪಾಠ, ಪ್ರಕಟವಾಯಿತು. ಹನ್ನೊಂದು ಜೊತೆ ವರ್ಣತಂತುಗಳು, 27,000ಕ್ಕೂ ಹೆಚ್ಚು ಜೀನ್‌ಗಳು. ಅದರಲ್ಲಿ ಓದಿಕೊಳ್ಳಬಹುದಾದ ಕಥೆ ಹೀಗಿದೆ: ಮೆಕ್ಸಿಕೋ ಕಡೆಯ ಕಾಡುಬೀನ್ಸ್ ಮತ್ತು ಆಂಡಿಸ್ ಪರ್ವತದ ಕಾಡುಬೀನ್ಸ್ ಸುಮಾರು 1,65,000 ವರ್ಷಗಳ ಹಿಂದೆಯೇ ಬೇರೆಯಾದವು. ಆಗ ಆ ಖಂಡಗಳಲ್ಲಿ ಬೇಸಾಯದ ಮಾತಿರಲಿ, ಮನುಷ್ಯನ ಸುಳಿವೇ ಇರಲಿಲ್ಲ. ಬಹಳ ಕಾಲದ ನಂತರ, ಈಗಿನಿಂದ ಸುಮಾರು 8,000 ವರ್ಷಗಳ ಹಿಂದೆ, ಎರಡೂ ಕಡೆಯ ಜನ ತಮ್ಮ ತಮ್ಮ ನೆಲದ ಕಾಡುಬೀನ್ಸನ್ನು ಒಬ್ಬರಿಗೊಬ್ಬರು ಗೊತ್ತಿಲ್ಲದೆ ಪಳಗಿಸಿದರು. ಒಂದೇ ಬೆಳೆ, ಎರಡು ಹುಟ್ಟು. ಜೀನೋಮ್ ಬರುವ ಮೊದಲೇ, 1980ರ ದಶಕದಲ್ಲಿ, ಕಾಳಿನಲ್ಲಿರುವ ಫೇಸಿಯೋಲಿನ್ ಎಂಬ ಪ್ರೋಟೀನಿನ ನಮೂನೆಗಳನ್ನು ಹೋಲಿಸಿ ಇದನ್ನು ಊಹಿಸಲಾಗಿತ್ತು. ಮೆಕ್ಸಿಕೋದ ಕಾಡುಕಾಳಿನ ನಮೂನೆ ಅಲ್ಲಿನ ನಾಡುಕಾಳಿನಲ್ಲಿ, ಆಂಡಿಸ್‌ನ ಕಾಡುಕಾಳಿನ ನಮೂನೆ ಅಲ್ಲಿನ ನಾಡುಕಾಳಿನಲ್ಲಿ ಕಾಣಿಸಿಕೊಂಡಿತ್ತು.

ನೆಲ ಅಗೆದವರ ಲೆಕ್ಕ ಮಾತ್ರ ಇದಕ್ಕೆ ತಾಳೆಯಾಗುವುದಿಲ್ಲ. ಪೆರುವಿನ ಗಿಟಾರೆರೊ ಗುಹೆಯ ಬೀನ್ಸ್ ಕಾಳನ್ನು ನೇರವಾಗಿ ಕಾಲನಿರ್ಣಯಕ್ಕೆ ಒಳಪಡಿಸಿದಾಗ ಸಿಕ್ಕ ವಯಸ್ಸು ಸುಮಾರು 4,300 ವರ್ಷ. ಮೆಕ್ಸಿಕೋದ ತೆವಾಕಾನ್ ಕಣಿವೆಯ ಕಾಳಿಗೆ ಸುಮಾರು 2,300 ವರ್ಷ. ಜೀನ್ ಹೇಳುವ ಎಂಟು ಸಾವಿರಕ್ಕೂ ಇದಕ್ಕೂ ಅಜಗಜಾಂತರ. ಕಾಳು ಒದ್ದೆ ನೆಲದಲ್ಲಿ ಬೇಗ ಕೊಳೆಯುತ್ತದೆ, ಒಣ ಗುಹೆಯಲ್ಲಿ ಬಿದ್ದದ್ದಷ್ಟೇ ಉಳಿಯುತ್ತದೆ ಎಂಬುದು ಒಂದು ಸಮಾಧಾನ. ನನ್ನ ಮಟ್ಟಿಗೆ ಎಂಟು ಸಾವಿರ ಎಂಬ ಅಂಕಿಗಿಂತ ಹುಟ್ಟು ಎರಡು ಎಂಬ ವಿಷಯವೇ ಮುಖ್ಯ, ಏಕೆಂದರೆ ಕೊಡಗಿನ ರೈತನಿಗೆ ಅದರಿಂದ ಕೆಲಸವಿದೆ.

ಅಡುಗೆಮನೆಯ ತಕ್ಕಡಿಯಿದ್ದರೆ ಸಾಕು, ಒಂದು ಅಂದಾಜು ಸಿಗುತ್ತದೆ. ಬಲಿತು ಒಣಗಿದ ನೂರು ಕಾಳು ಎಣಿಸಿ ತೂಗಿ. 40 ಗ್ರಾಂ ಮೀರಿದರೆ ಅದು ಸಾಮಾನ್ಯವಾಗಿ ಆಂಡಿಸ್ ಗುಂಪಿನದು, 25 ಗ್ರಾಂನೊಳಗಿದ್ದರೆ ಮೆಕ್ಸಿಕೋ ಮತ್ತು ಮಧ್ಯ ಅಮೆರಿಕದ ಗುಂಪಿನದು. ನಡುವಿನದೂ ಹೆಚ್ಚಾಗಿ ಎರಡನೆಯ ಗುಂಪಿಗೇ ಸೇರುತ್ತದೆ, ಆದರೆ ಅಪವಾದಗಳಿವೆ. ಹಸಿಕಾಯಿಗೆಂದೇ ಬೆಳೆಸುವ ತಳಿಗಳಲ್ಲಿ ಎರಡೂ ಬೆರೆತಿರುವುದುಂಟು. ಇದನ್ನು ತಿಳಿದು ಆಗಬೇಕಾದ್ದೇನು ಎಂದರೆ, ರೋಗ. ಮಳೆಗಾಲದಲ್ಲಿ ತಂಪು ಮತ್ತು ತೇವ ಒಟ್ಟಿಗೆ ಬಂದಾಗ ಬೀನ್ಸ್ ಕಾಯಿಯ ಮೇಲೆ ಕುಳಿಬಿದ್ದ ಕಂದು ಚುಕ್ಕೆ ಏಳುವ ಚಿಬ್ಬು ರೋಗವನ್ನು ಕೊಡಗಿನಲ್ಲಿ ಬೀನ್ಸ್ ಹಾಕಿದವರಿಗೆ ಪರಿಚಯಿಸಬೇಕಾಗಿಲ್ಲ. ಅದು ಬೀಜದ ಮೂಲಕವೂ ಹರಡುತ್ತದೆ. ಈ ರೋಗದ ಶಿಲೀಂಧ್ರ ಬೀನ್ಸಿನ ಜೊತೆಗೇ ಅದೇ ಬೆಟ್ಟಗಳಲ್ಲಿ ಬೆಳೆದು ಬಂದದ್ದು. ಅದರಲ್ಲೂ ಆಂಡಿಸ್ ಬಗೆ, ಮೆಕ್ಸಿಕೋ ಬಗೆ ಎಂದು ಪಂಗಡಗಳಾಗಿವೆ. ಆಂಡಿಸ್‌ನ ಕೋ-1 ಎಂಬ ನಿರೋಧಕ ಜೀನ್ ಮೆಕ್ಸಿಕೋ ಕಡೆಯ ಅನೇಕ ಪಂಗಡಗಳನ್ನು ತಡೆಯುತ್ತದೆ, ಮೆಕ್ಸಿಕೋ ಕಡೆಯ ಕೋ-4ರಂಥವು ಆಂಡಿಸ್ ಪಂಗಡಗಳನ್ನು. ಎರಡೂ ಕಡೆಯ ಜೀನ್‌ಗಳನ್ನು ಒಂದೇ ಗಿಡಕ್ಕೆ ತರುವುದು ತಳಿಗಾರರ ಹಳೆಯ ಕನಸು.

ತರುವುದು ಸುಲಭವೂ ಅಲ್ಲ. ಎರಡು ಗುಂಪುಗಳನ್ನು ಕೂಡಿಸಿದಾಗ ಕೆಲವು ಜೋಡಿಗಳಲ್ಲಿ ಸಸಿ ಕುಬ್ಜವಾಗಿ, ಎಲೆ ಮುರುಟಿ, ಸತ್ತುಹೋಗುತ್ತದೆ. ಒಂದೊಂದು ಗುಂಪಿನಲ್ಲಿ ನಿರುಪದ್ರವಿಯಾಗಿದ್ದ ಒಂದೊಂದು ಜೀನ್ ಒಟ್ಟಿಗೆ ಬಂದಾಗ ಗಿಡಕ್ಕೆ ವಿಷವಾಗುತ್ತದೆ. ಒಂದೂವರೆ ಲಕ್ಷ ವರ್ಷ ಬೇರೆ ಬೇರೆ ಬಾಳಿದ ಎರಡು ಮನೆತನಗಳ ಬೀಗತನದಲ್ಲಿ ಇಷ್ಟು ತೊಡಕಾದರೂ ಇಲ್ಲದೆ ಹೋದೀತೇ.

ವೈವಿಧ್ಯ ಎಲ್ಲಿ ಕರಗಿತು ಎಂಬ ಪ್ರಶ್ನೆಗೆ ಇತ್ತೀಚೆಗೆ ಸಿಕ್ಕ ಒಂದು ಉತ್ತರ ನನ್ನನ್ನು ಬಹಳ ಹಿಡಿದು ನಿಲ್ಲಿಸಿತು. ಬೇಸಾಯ ಎಂದರೇ ಆಯ್ಕೆ, ಆಯ್ಕೆ ಎಂದರೇ ನಷ್ಟ, ಆದ್ದರಿಂದ ಕಾಡುಗಿಡವನ್ನು ಪಳಗಿಸಿದ ದಿನವೇ ವೈವಿಧ್ಯದ ದೊಡ್ಡ ಪಾಲು ಹೋಯಿತು ಎಂಬುದು ಪಠ್ಯಪುಸ್ತಕದ ವಾದ. 2021ರಲ್ಲಿ ಪ್ರಕಟವಾದ ಅಧ್ಯಯನವೊಂದು ವಾಯವ್ಯ ಅರ್ಜೆಂಟೀನಾದಲ್ಲಿ ಸಿಕ್ಕ, 2,500ರಿಂದ 600 ವರ್ಷಗಳಷ್ಟು ಹಳೆಯ ಹದಿನೈದು ಬೀನ್ಸ್ ಕಾಳುಗಳ ಜೀನೋಮ್ ಓದಿತು. ಬೇಕಾದ ಗುಣಗಳು ಆ ಹೊತ್ತಿಗಾಗಲೇ ಆಯ್ಕೆಯಾಗಿದ್ದವು. ಆದರೂ ಆ ಕಾಳುಗಳ ವೈವಿಧ್ಯ ಕಾಡುಬೀನ್ಸಿಗಿಂತ ಅಷ್ಟೇನೂ ಕಡಿಮೆ ಇರಲಿಲ್ಲ. ಕುಸಿತ ಬಂದದ್ದು ಅದರ ನಂತರದ ಶತಮಾನಗಳಲ್ಲಿ. ಅಂದರೆ ಆಂಡಿಸ್‌ನ ಹಳೆಯ ಬೇಸಾಯಗಾರರು ಆರಿಸಿಯೂ ಉಳಿಸಿಕೊಂಡಿದ್ದರು. ಒಬ್ಬೊಬ್ಬರ ಹೊಲದಲ್ಲಿ ಬೇರೆ ಬೇರೆ ಬೀಜ, ಅವರವರ ಕಣ್ಣಿಗೆ ಅವರವರ ಆಯ್ಕೆ ಇದ್ದುದರಿಂದ ಒಟ್ಟು ಮೊತ್ತ ಕರಗಲಿಲ್ಲ ಎಂದು ನಾನು ಅರ್ಥಮಾಡಿಕೊಳ್ಳುತ್ತೇನೆ.

ಕೊಡಗಿನ ಹಿತ್ತಲನ್ನು ಈ ಬೆಳಕಿನಲ್ಲಿ ನೋಡಿದರೆ, ಬೀನ್ಸಿನ ತವರು ಇದಲ್ಲದಿದ್ದರೂ ಇಲ್ಲಿನ ಬೀಜ ಲೆಕ್ಕಕ್ಕೆ ಬರುತ್ತದೆ. ಬೀನ್ಸ್ ಹೂವು ಅರಳುವ ಮೊದಲೇ ತನ್ನ ಪರಾಗವನ್ನು ತಾನೇ ಪಡೆದು ಕಾಯಿ ಕಟ್ಟುವುದು ಹೆಚ್ಚು. ಮೆಕ್ಕೆಜೋಳದ ಹಾಗೆ ಪಕ್ಕದ ಹೊಲದ ತಳಿಯೊಂದಿಗೆ ಬೆರೆತು ಕೆಡುವುದಿಲ್ಲ. ಅಜ್ಜಿ ಬೂದಿ ಬೆರೆಸಿ ಡಬ್ಬಿಯಲ್ಲಿಟ್ಟ ಬೀಜವನ್ನು ಮೊಮ್ಮಗಳು ಬಿತ್ತಿದರೂ ಹೆಚ್ಚುಕಡಿಮೆ ಅದೇ ಗಿಡ. ಅನುಕೂಲ ಇರುವುದೂ ಇಲ್ಲೇ, ಅಪಾಯ ಇರುವುದೂ ಇಲ್ಲೇ: ಬೇರೆ ಗಿಡಗಳಲ್ಲಿ ಒಂದಿಷ್ಟು ಬೆರೆತು ಉಳಿಯುವ ಗುಣ, ಬೀನ್ಸಿನಲ್ಲಿ ಇಟ್ಟುಕೊಂಡವರು ಕೈಬಿಟ್ಟ ವರ್ಷ ಪೂರ್ತಿಯಾಗಿ ಹೋಗುತ್ತದೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರಿನ ಸುತ್ತಮುತ್ತ ಗುಡ್ಡ ಜಾರಿ ಮನೆಗಳೇ ಮಣ್ಣುಪಾಲಾದಾಗ ಪರಿಹಾರದ ಅರ್ಜಿಯಲ್ಲಿ ತೋಟಕ್ಕೆ, ಗದ್ದೆಗೆ, ಮನೆಗೆ ಅಂಕಣವಿತ್ತು. ಬೀಜದ ಡಬ್ಬಿಗೆ ಅಂಕಣ ಇರಲು ಸಾಧ್ಯವೂ ಇಲ್ಲ.

ಸಂತೆಯ ಒತ್ತಡವೂ ಸಣ್ಣದಲ್ಲ. ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಕೋಮಲ್, ಅರ್ಕಾ ಸುವಿಧಾ, ಅರ್ಕಾ ಅನೂಪ್ ತಳಿಗಳು ಪೊದೆಯಾಗಿ ಬೆಳೆಯುವಂಥವು. ಚಪ್ಪರ ಬೇಡ, ಕೊಯ್ಲು ಹೆಚ್ಚುಕಡಿಮೆ ಒಟ್ಟಿಗೆ ಬರುತ್ತದೆ, ಅನೂಪ್‌ಗೆ ತುಕ್ಕು ರೋಗ ತಡೆಯುವ ಶಕ್ತಿಯೂ ಇದೆ. ಆಳು ಸಿಗದ ಈ ಕಾಲದಲ್ಲಿ ಅವನ್ನು ಹಾಕುವವರನ್ನು ದೂರುವುದು ಅನ್ಯಾಯ. ಹಳೆಯ ಬಳ್ಳಿ ಬೀನ್ಸ್ ಎರಡು ತಿಂಗಳು ಬಿಡುಬಿಡುವಾಗಿ ಕಾಯಿ ಬಿಡುವುದು ಮನೆಗೆ ಹಿತ, ಲಾರಿಗೆ ಅಲ್ಲ. ಹಾಗಾಗಿ ಅದು ಉಳಿದರೆ ಹಿತ್ತಲಿನಲ್ಲಿ, ತೋಟದ ಕಾರ್ಮಿಕರ ಲೈನ್ ಮನೆಗಳ ಹಿಂದಿನ ತುಂಡು ನೆಲದಲ್ಲಿ ಉಳಿಯಬೇಕು. ತೋಟದ ಕೆಲಸಕ್ಕೆಂದು ದೂರದಿಂದ ಬಂದವರು ಹಾಕುವ ಬೀಜಗಳನ್ನು ನಮ್ಮ ವೈವಿಧ್ಯದ ಲೆಕ್ಕದಿಂದ ಹೊರಗಿಡುವುದು ಏಕೆಂದು ನನಗೆ ಅರ್ಥವಾಗಿಲ್ಲ. ಬೀನ್ಸೂ ಹಾಗೆಯೇ ಬಂದದ್ದಲ್ಲವೇ.

ಅವರೆ, ಅಲಸಂಡೆಗಳ ತವರು ಆಫ್ರಿಕ. 2023ರಲ್ಲಿ ಅವರೆಯ ಉತ್ತಮ ಜೀನೋಮ್ ಪ್ರಕಟವಾದಾಗ ಅದರ ಹುಟ್ಟೂ ಎರಡು ಎಂದು ಗೊತ್ತಾಯಿತು: ಕಾಯಿಗೆ ಎರಡು ಕಾಳಿನ ಗುಂಪು ಬಹುಪಾಲು ಇಥಿಯೋಪಿಯದಲ್ಲೇ ಉಳಿಯಿತು, ನಾಲ್ಕು ಕಾಳಿನ ಗುಂಪು ಲೋಕ ಸುತ್ತಿತು. ಕರ್ನಾಟಕದ ನವಶಿಲಾಯುಗದ ನೆಲೆಗಳ ಸುಟ್ಟ ಕಾಳುಗಳಲ್ಲಿ ಅವರೆಯೂ ಇರುವುದರಿಂದ, ಅದು ಮೂರು ಸಾವಿರಕ್ಕೂ ಹೆಚ್ಚು ವರ್ಷಗಳಿಂದ ನಮ್ಮದೇ ಆಗಿದೆ. ಹಗಲು ಕುಗ್ಗಿದಾಗಷ್ಟೇ ಹೂ ಬಿಡುವ ಹಳೆಯ ಅವರೆಯ ಸೊಗಡನ್ನು ವರ್ಷವಿಡೀ ಬೆಳೆಯುವ ಹೆಬ್ಬಾಳ ಅವರೆಯಲ್ಲಿ ಹುಡುಕಿ ಬೇಸರಪಡುವವರ ಪೈಕಿ ನಾನೂ ಒಬ್ಬ. ಮೀಟರ್ ಅಲಸಂಡೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಆಫ್ರಿಕದಿಂದ ಏಷ್ಯಕ್ಕೆ ಬಂದ ಮೇಲೆ ಇಲ್ಲಿನ ಜನರ ಆಯ್ಕೆಯಿಂದ ಉದ್ದವಾದದ್ದು.

ಹೆಸರು, ಉದ್ದು, ಹುರುಳಿಗಳ ಮಾತೇ ಬೇರೆ. ಇವು ಭಾರತದಲ್ಲೇ ಪಳಗಿದವು. ಬಳ್ಳಾರಿ ಬಳಿಯ ಸಂಗನಕಲ್ಲು, ಹಾವೇರಿ ಜಿಲ್ಲೆಯ ಹಳ್ಳೂರಿನ ಉತ್ಖನನಗಳಲ್ಲಿ ಹೆಸರು ಮತ್ತು ಹುರುಳಿಯ ಸುಟ್ಟ ಕಾಳುಗಳು ಸಿಕ್ಕಿವೆ. ಕಾಡುಹೆಸರು, ಕಾಡುದ್ದು, ಅವುಗಳ ಹತ್ತಿರದ ನೆಂಟರಾದ, ಹೆಸರು-ಉದ್ದುಗಳ ಕುಲವೇ ಆದ ವಿಗ್ನಾದ ಹಲವು ಪ್ರಭೇದಗಳು ಕೊಡಗನ್ನೂ ಒಳಗೊಂಡ ಪಶ್ಚಿಮ ಘಟ್ಟದ ಸಾಲಿನಲ್ಲಿ ಹರಡಿವೆ. ಗುರುತಿಸುವುದು ಕಷ್ಟವಲ್ಲ. ಮೂರೆಲೆಯ ಗೊಂಚಲು, ರೋಮ ತುಂಬಿದ ಸಪೂರ ಬಳ್ಳಿ ಹುಲ್ಲಿನ ಕಡ್ಡಿಯನ್ನೇ ಆಸರೆ ಮಾಡಿಕೊಂಡಿರುತ್ತದೆ. ಹಳದಿ ಹೂವಿನ ನಡುವಿನ ದಳ ಒಂದು ಬದಿಗೆ ತಿರುಚಿರುತ್ತದೆ. ಕಡ್ಡಿಯಂಥ ಕಾಯಿ ಬಲಿತಾಗ ಕಪ್ಪಾಗಿ, ಬಿಸಿಲೇರುವ ಹೊತ್ತಿಗೆ ಸಿಡಿಯುತ್ತದೆ. ಕಾಳು ಸಾಸಿವೆಗಿಂತ ತುಸು ದೊಡ್ಡದು, ಅಷ್ಟೇ.

ಆ ಕಾಳನ್ನು ಬೇಯಿಸಿ ತಿನ್ನಲು ಯಾರೂ ಹೋಗುವುದಿಲ್ಲ. ಆದರೆ ಮಳೆಗಾಲದಲ್ಲಿ ಡಬ್ಬಿ ತೆರೆದಾಗ ಹೆಸರುಕಾಳಿನ ತುಂಬ ತೂತು ಬಿದ್ದು, ಕಂದು ದುಂಬಿಗಳು ಓಡಾಡುವುದನ್ನು ಕಂಡವರು ಮುಂದಿನ ಮಾತು ಕೇಳಬೇಕು. ಆ ದುಂಬಿ ಕಾಳಿನ ಮೇಲೆ ಮೊಟ್ಟೆಯಿಡುತ್ತದೆ, ಮರಿ ಕಾಳನ್ನು ಕೊರೆದು ಒಳಗೇ ಬೆಳೆದು ದುಂಬಿಯಾಗಿ ಹೊರಬರುತ್ತದೆ. ಬೇಸಾಯದ ಹೆಸರು ತಳಿಗಳಲ್ಲಿ ಇದಕ್ಕೆ ತಡೆ ವಿರಳ. ಮಡಗಾಸ್ಕರ್‌ನಲ್ಲಿ ಸಂಗ್ರಹಿಸಿದ, ಟಿಸಿ-1966 ಎಂಬ ಸಂಖ್ಯೆಯ ಕಾಡುಹೆಸರಿನಲ್ಲಿ 1980ರ ದಶಕದ ಜಪಾನಿ ಸಂಶೋಧಕರು ಪೂರ್ಣ ತಡೆಯನ್ನು ಕಂಡರು. ಅದರ ಹಿಂದೆ ಪ್ರಬಲವಾದ ಒಂದೇ ಜೀನ್ ಇತ್ತು. ನಮ್ಮಲ್ಲೂ ಮುಂಬೈನ ಟ್ರಾಂಬೆಯ ಕಾಡುದ್ದಿನಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರದ ವಿಜ್ಞಾನಿಗಳಿಗೆ ಇಂಥದೇ ತಡೆ ಸಿಕ್ಕಿದೆ. ಬೀನ್ಸಿಗೂ ಇದೇ ಕಥೆ: ಕಾಳಿನ ದುಂಬಿಯನ್ನು ತಡೆಯುವ ಆರ್ಸೆಲಿನ್ ಎಂಬ ಪ್ರೋಟೀನು ಮೆಕ್ಸಿಕೋದ ಕಾಡುಬೀನ್ಸಿನಲ್ಲಿ ಸಿಕ್ಕಿತೇ ಹೊರತು ನಾಡುಬೀನ್ಸಿನಲ್ಲಿ ಸಿಗಲಿಲ್ಲ. ಪಳಗಿಸುವಾಗ ಕೈಯಳತೆಗೆ ಬಂದ ಕೆಲವೇ ಗಿಡಗಳಲ್ಲಿ ಅದಿರಲಿಲ್ಲವೆಂದು ಕಾಣುತ್ತದೆ.

ಕೊಡಗಿನವರಿಗೆ ಇದು ಹೊಸ ಪಾಠವೇನಲ್ಲ. ತೋಟಗಳಲ್ಲಿ ಇಂದಿಗೂ ನಿಂತಿರುವ ಎಸ್.795 ಎಂಬ ಅರೇಬಿಕಾ ಕಾಫಿ ತಳಿ ಎಲೆತುಕ್ಕು ರೋಗವನ್ನು ಅಷ್ಟು ಕಾಲ ತಡೆದುಕೊಂಡದ್ದು ಅದರಲ್ಲಿರುವ ಲೈಬೀರಿಕಾ ಕಾಫಿಯ ಅಂಶದಿಂದ. ಎಸ್.26 ಎಂಬ ಆಕಸ್ಮಿಕ ಮಿಶ್ರಗಿಡದಲ್ಲಿ ಲೈಬೀರಿಕಾದ ಒಂದು ನಿರೋಧಕ ಜೀನ್ ಅರೇಬಿಕಾಕ್ಕೆ ದಾಟಿತ್ತು. ಅದರ ಸಂತತಿಯನ್ನು ಕೆಂಟ್ ಎಂಬ ಅರೇಬಿಕಾ ತಳಿಯ ಜೊತೆ ಕೂಡಿಸಿ 1940ರ ದಶಕದಲ್ಲಿ ಎಸ್.795 ಹೊರಬಂತು. ದೂರದ ನೆಂಟನ ಒಂದು ಜೀನ್ ಒಂದು ಜಿಲ್ಲೆಯ ಆರ್ಥಿಕತೆಯನ್ನು ಎಷ್ಟು ದಶಕ ಹೊತ್ತಿತು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಕಾಡುಹೆಸರಿನ ತೊಂದರೆ ಏನೆಂದರೆ ಅದಕ್ಕೆ ದಟ್ಟ ಕಾಡು ಬೇಡ. ‘ಕಾಡು’ ಎಂದಕೂಡಲೇ ನಮ್ಮ ಮನಸ್ಸು ದೇವರಕಾಡಿಗೆ, ಅಭಯಾರಣ್ಯಕ್ಕೆ ಹೋಗುತ್ತದೆ. ಕೊಡಗಿನಲ್ಲಿ ಸಾವಿರಕ್ಕೂ ಹೆಚ್ಚು ದೇವರಕಾಡುಗಳಿವೆ; ಅವುಗಳ ನೆರಳಿನೊಳಗೆ ಈ ಬಳ್ಳಿ ಬಾಳುವುದಿಲ್ಲ. ಅದಕ್ಕೆ ಬೇಕಾದ್ದು ಬಿಸಿಲು ಬೀಳುವ ಹುಲ್ಲಂಚು, ಗದ್ದೆ ಬದು, ರಸ್ತೆ ಬದಿಯ ಬರೆ, ದನ ಮೇಯುವ ಬಾಣೆ. ಗದ್ದೆಗೆ ಸೊಪ್ಪು, ಮನೆಗೆ ಸೌದೆ, ದನಕ್ಕೆ ಹುಲ್ಲು ಕೊಡುತ್ತಿದ್ದ ಬಾಣೆಗಳು ಬಹುಪಾಲು ಕಾಫಿ ತೋಟವಾಗಿವೆ. ಗದ್ದೆಗಳು ಪಾಳು ಬಿದ್ದಲ್ಲಿ ಲಂಟಾನ ಮತ್ತು ಕಮ್ಯುನಿಸ್ಟ್ ಗಿಡ ನುಗ್ಗಿವೆ. ಉಳಿದ ಬದುಗಳಲ್ಲಿ ಕತ್ತಿ ಹಿಡಿಯುವವರ ಜಾಗಕ್ಕೆ ಕಳೆನಾಶಕದ ಪಂಪು ಬಂದಿದೆ. ಕತ್ತಿಯಿಂದ ಸವರಿದ ಬದುವಿನಲ್ಲಿ ಬೀಜ ನೆಲದಲ್ಲಿ ಉಳಿದು ಮರುವರ್ಷ ಮೊಳೆಯುತ್ತಿತ್ತು. ವರ್ಷವರ್ಷವೂ ಹೂ ಬಿಡುವ ಮೊದಲೇ ಕಳೆನಾಶಕ ಬಿದ್ದರೆ ನೆಲದಲ್ಲಿನ ಬೀಜದ ಗಂಟು ಕರಗುತ್ತ ಹೋಗುತ್ತದೆ. ಇದನ್ನು ತಡೆಯುವ ಕಾನೂನು ಇಲ್ಲ, ಬರೆಯುವುದೂ ಸುಲಭವಲ್ಲ, ಏಕೆಂದರೆ ರೈತನ ಕಣ್ಣಿಗೆ ಅದು ಕಳೆ. ದೆಹಲಿಯ ರಾಷ್ಟ್ರೀಯ ಸಸ್ಯ ತಳಿ ಸಂಪನ್ಮೂಲ ಕೇಂದ್ರದ ತ್ರಿಶ್ಶೂರು ಶಾಖೆಯವರು ಘಟ್ಟದ ಕಾಡು ವಿಗ್ನಾಗಳನ್ನು ಸಂಗ್ರಹಿಸುತ್ತ ಬಂದಿದ್ದಾರೆ. ಆದರೆ ಶೀತಲ ಪೆಟ್ಟಿಗೆಯಲ್ಲಿರುವ ಬೀಜ ಸಂಗ್ರಹಿಸಿದ ದಿನದಲ್ಲೇ ನಿಂತಿರುತ್ತದೆ. ಹೊಸ ರೋಗಕ್ಕೆ ಹೊಸ ತಡೆ ಹುಟ್ಟುವುದು ಬದುವಿನಲ್ಲಿ.

ಒಡೆತನದ ಜಗಳವನ್ನೂ ಹೇಳಬೇಕು. ಕೊಲೊರಾಡೊದ ಬೀಜ ವ್ಯಾಪಾರಿಯೊಬ್ಬ 1994ರಲ್ಲಿ ಮೆಕ್ಸಿಕೋದಲ್ಲಿ ಕೊಂಡ ಹಳದಿ ಬೀನ್ಸಿನಿಂದ ಆರಿಸಿದ ‘ಎನೋಲಾ’ಗೆ 1999ರಲ್ಲಿ ಅಮೆರಿಕದ ಪೇಟೆಂಟ್ ಪಡೆದು, ಮೆಕ್ಸಿಕೋದಿಂದ ಬರುವ ಹಳದಿ ಬೀನ್ಸಿನ ಮೇಲೆ ಹಣ ಕೇಳತೊಡಗಿದ. ಕೊಲಂಬಿಯದ ಪಾಲ್ಮಿರಾದಲ್ಲಿರುವ, 37,000ಕ್ಕೂ ಹೆಚ್ಚು ಬೀನ್ಸ್ ಮಾದರಿಗಳನ್ನು ಕಾಪಿಟ್ಟ ಅಂತರರಾಷ್ಟ್ರೀಯ ಕೃಷಿ ಕೇಂದ್ರ ಅದನ್ನು ಪ್ರಶ್ನಿಸಿತು. 2004ರ ಡಿಎನ್‌ಎ ಅಧ್ಯಯನವೊಂದರಲ್ಲಿ ಎನೋಲಾ ಮೆಕ್ಸಿಕೋದ ಹಳೆಯ ತಳಿಯೊಂದಕ್ಕೆ ತದ್ರೂಪವೆಂದು ಗೊತ್ತಾಯಿತು. ಆದರೂ ನ್ಯಾಯಾಲಯದಲ್ಲಿ ಪೇಟೆಂಟ್ ಕೊನೆಗೂ ಬಿದ್ದದ್ದು 2009ರಲ್ಲಿ. ಹಳೆಯ ತಳಿಯ ದಾಖಲೆ ಇದ್ದುದರಿಂದ ಹತ್ತು ವರ್ಷಕ್ಕಾದರೂ ಗೆದ್ದರು.

ನಮ್ಮಲ್ಲಿ 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ಬೀಜ ಉಳಿಸುವ, ಬಿತ್ತುವ, ಹಂಚುವ, ಬ್ರ್ಯಾಂಡ್ ಹೆಸರಿಲ್ಲದೆ ಮಾರುವ ಹಕ್ಕನ್ನು ರೈತನಿಗೆ ಕೊಟ್ಟಿದೆ. ರೈತ ತಳಿಯನ್ನು ನೋಂದಾಯಿಸಲೂ ಅವಕಾಶವಿದೆ. 1966ರ ಬೀಜ ಕಾಯ್ದೆಯ ಬದಲಿಗೆಂದು 2025ರ ನವೆಂಬರ್‌ನಲ್ಲಿ ಹೊರಬಂದ ಮಸೂದೆಯ ಕರಡೂ ರೈತರ ನಡುವಿನ ಬೀಜ ವಿನಿಮಯವನ್ನು ಮುಟ್ಟುವುದಿಲ್ಲ ಎನ್ನುತ್ತದೆ. ಆದರೆ ಹಕ್ಕು ಚಲಾಯಿಸಲು ಬೀಜ ಇರಬೇಕು, ಅದು ಇತ್ತೆಂದು ತೋರಿಸಲು ದಾಖಲೆ ಬೇಕು. ಗ್ರಾಮ ಪಂಚಾಯಿತಿಗಳ ಜೀವವೈವಿಧ್ಯ ನಿರ್ವಹಣಾ ಸಮಿತಿಗಳು ಬರೆಯಬೇಕಾದ ಜನತಾ ಜೀವವೈವಿಧ್ಯ ದಾಖಲಾತಿ ಅದಕ್ಕೆಂದೇ ಇದೆ. ಅಲ್ಲಿ ‘ಬೀನ್ಸ್ – ಬಳ್ಳಿ’ ಎಂದು ಒಂದು ಸಾಲು ಗೀಚಿದರೆ ಯಾವ ನ್ಯಾಯಾಲಯದಲ್ಲೂ ನಿಲ್ಲುವುದಿಲ್ಲ. ಕಾಳಿನ ಬಣ್ಣ, ನೂರು ಕಾಳಿನ ತೂಕ, ಹೂವಿನ ಬಣ್ಣ, ನಾರು ಇದೆಯೋ ಇಲ್ಲವೋ, ಯಾವ ತಿಂಗಳು ಬಿತ್ತಿದರೆ ಯಾವ ತಿಂಗಳು ಕಾಯಿ, ಬೀಜ ಎಲ್ಲಿಂದ ಬಂತು ಎಂಬಷ್ಟನ್ನು ಬರೆಯಲು ಪ್ರಯೋಗಾಲಯ ಬೇಡ. ಊರಿನ ಪ್ರೌಢಶಾಲೆಯ ಮಕ್ಕಳೇ ಸಾಕು.

ಬದುವಿನ ಕಾಡುಹೆಸರಿಗೆ ಕೇಳಬೇಕಾದ್ದು ಇನ್ನೂ ಕಡಿಮೆ. ಮಳೆ ನಿಂತ ಮೇಲೆ ಹೂ ಬಿಟ್ಟು, ಕೊಡಗಿನ ಸುಗ್ಗಿ ಹಬ್ಬವಾದ ಹುತ್ತರಿಯ ಆಸುಪಾಸಿನಲ್ಲಿ ಅದರ ಕಾಯಿ ಬಲಿಯುತ್ತದೆ. ಊರಿಗೆ ಒಂದೆರಡು ಕಡೆ, ಹತ್ತಿಪ್ಪತ್ತು ಮಾರಿನಷ್ಟು ಬದುವನ್ನು ಆ ಕಾಯಿ ಸಿಡಿಯುವವರೆಗೆ ಪಂಪು ಹಿಡಿಯದೆ ಬಿಟ್ಟು, ಆಮೇಲೆ ಕತ್ತಿಯಲ್ಲಿ ಸವರಿದರೆ ಸಾಕು. ಜೀನ್ ಬ್ಯಾಂಕಿಗೆ ಬೀಜ ಕಳುಹಿಸುವ ಮನಸ್ಸಿದ್ದವರು ಬೆಳಿಗ್ಗೆ ಇಬ್ಬನಿ ಆರುವ ಮೊದಲೇ ಕಾಯಿ ಬಿಡಿಸಿ ಕಾಗದದ ಲಕೋಟೆಗೆ ಹಾಕಿ ಬಾಯಿ ಮಡಚಬೇಕು. ಹತ್ತು ಗಂಟೆಯ ಬಿಸಿಲಿಗೆ ಹೋದರೆ ಕೈ ತಾಗಿದೊಡನೆ ಸಿಡಿದು ಖಾಲಿ ಸಿಪ್ಪೆಯಷ್ಟೇ ಉಳಿಯುತ್ತದೆ.